ಎರಡು ತಟ್ಟೆಗಳು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಆಡಿದ ಮಾತು, ಹಾಡಿದ ಹಾಡು, ಮೀಟಿದ ತಂತಿಯ ನಾದ, ಇವೆಲ್ಲವೂ ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಕರಗಿಹೋಗುತ್ತವೆ. ಸಾವಿರಾರು ವರ್ಷಗಳ ಕಾಲ ಅವುಗಳನ್ನು ಹಿಡಿದಿಡುವ ಉಪಾಯವು ಮನುಷ್ಯನಿಗೆ ತಿಳಿದಿರಲಿಲ್ಲ. 1877ರಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ತವರದ ತೆಳುಹಾಳೆ ಸುತ್ತಿದ ಉರುಳೆಯೊಂದರ ಮೇಲೆ ತನ್ನ ದನಿಯನ್ನು ಮೂಡಿಸಿ, ಅದನ್ನು ಮತ್ತೆ ಕೇಳಿಸಿದನು. ಆಡಿದ ಮಾತು ಅಂದು ಮೊದಲ ಬಾರಿಗೆ ಆಡಿದವನ ಬಳಿಗೆ ಮರಳಿ ಬಂದಿತು.

ಆ ಉರುಳೆಯ ಕಾಲದಿಂದ ಇಲ್ಲಿಯವರೆಗೆ ದನಿಯನ್ನು ಹಿಡಿಯುವ ಸಾಧನಗಳು ಹಲವು ಬಂದಿವೆ. ಅವುಗಳಲ್ಲಿ ದುಂಡನೆಯ ಎರಡು ತಟ್ಟೆಗಳು ಮುಖ್ಯವಾದವು. ಒಂದು, ಮುಳ್ಳು ಇಟ್ಟು ನುಡಿಸುವ ಕಪ್ಪು ಬಣ್ಣದ ವಿನೈಲ್ ತಟ್ಟೆ, ಎಂದರೆ ಎಲ್.ಪಿ. ಇನ್ನೊಂದು, ಬೆಳ್ಳಿಯಂತೆ ಹೊಳೆಯುವ ಸಿ.ಡಿ. ಇವೆರಡರಲ್ಲಿ ಯಾವುದರ ದನಿ ಮೇಲು ಎಂಬ ವಾದವು ನಾಲ್ವತ್ತು ವರ್ಷಗಳಿಂದಲೂ ನಡೆದುಬಂದಿದೆ. ಆ ವಾದವನ್ನು ಪರಿಶೀಲಿಸುವುದು ಈ ಪಾಠದ ಒಂದು ಉದ್ದೇಶ. ತರಗತಿಯಲ್ಲಿ ನಾನು ಹೇಳಿದ ತಪ್ಪು ಮಾತೊಂದನ್ನು ತಿದ್ದಿಕೊಳ್ಳುವುದು ಇನ್ನೊಂದು ಉದ್ದೇಶ.

1974ರಲ್ಲಿ ನಾನು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆನು. ಮೈಸೂರಿನ ನಮ್ಮ ಮನೆಗೆ ಆ ವರ್ಷ ನನ್ನ ತಂದೆಯವರು ರೆಕಾರ್ಡ್ ಪ್ಲೇಯರೊಂದನ್ನು ತಂದರು. ಜೊತೆಗೆ ವೀಣಾವಾದನದ ಒಂದು ಎಲ್.ಪಿ. ತಟ್ಟೆಯನ್ನೂ ತಂದರು. ಅದರಲ್ಲಿ ಕಲ್ಯಾಣಿ ರಾಗದ ತಾನವಿದ್ದಿತು. ಪ್ರತಿ ಭಾನುವಾರ ಬೆಳಿಗ್ಗೆ ತಂದೆಯವರು ತಟ್ಟೆಯ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರಸಿ, ಮುಳ್ಳನ್ನು ಇಳಿಸಿ, ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಯ ದಿನ ಪ್ಲೇಯರಿಗೆ ಕುಂಕುಮವಿಟ್ಟು ಹೂವು ಮುಡಿಸುವ ಕೆಲಸವನ್ನು ನಾನು ವಹಿಸಿಕೊಂಡೆನು. ಹೂವಿನ ದಾರ ಮುಳ್ಳಿನ ತೋಳಿಗೆ ಸಿಕ್ಕಿಕೊಂಡಿತು. ಅವಸರದಿಂದ ಎಳೆದಾಗ ಮುಳ್ಳು ತಟ್ಟೆಯ ಮೇಲೆ ಅಡ್ಡಲಾಗಿ ಉಜ್ಜಿ ಒಂದು ಗೀರು ಬಿದ್ದಿತು. ಅಂದಿನಿಂದ ತಾನದ ನಡುವೆ ‘ಟಕ್, ಟಕ್’ ಎಂಬ ಸದ್ದು ಕೇಳತೊಡಗಿತು. ತಂದೆಯವರು ನನ್ನನ್ನು ಗದರಲಿಲ್ಲ. “ತಾನಕ್ಕೆ ಮೃದಂಗ ಇರುವುದಿಲ್ಲ, ಮಗು. ನೀನು ತಾಳ ಹಾಕಿಕೊಟ್ಟೆ, ಬಿಡು” ಎಂದು ನಕ್ಕರು. ಆ ತಾಳದ ಲೆಕ್ಕವನ್ನು ನಾನು ಆಮೇಲೆ ಮಾಡಿದೆನು. ಎಲ್.ಪಿ. ತಟ್ಟೆಯು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಆದುದರಿಂದ ಅಡ್ಡಗೀರಿನ ಸದ್ದು 1.8 ಸೆಕೆಂಡಿಗೊಮ್ಮೆ ತಪ್ಪದೆ ಬರುತ್ತದೆ.

ಈ ತಟ್ಟೆಗಳ ಪೂರ್ವೇತಿಹಾಸವನ್ನು ಇಲ್ಲಿ ಸ್ವಲ್ಪ ತಿಳಿಯೋಣ. ಎಡಿಸನ್ನನ ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು 1887ರಲ್ಲಿ ರೂಪಿಸಿದವನು ಎಮಿಲ್ ಬರ್ಲಿನರ್. ಅವನು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದವನು. 1902ರ ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಹೆಸರಾಂತ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಣಕ್ಕಾಗಿ ಹಾಡಿದರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳಿದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ದೂರದ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂಬುದು ತಿಳಿಯಬೇಕಾಗಿದ್ದಿತು. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಸರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಅಂದಿನ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಅವು ಕೈಜಾರಿದರೆ ಒಡೆಯುತ್ತಿದ್ದವು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿದ್ದಿತು. 1948ರಲ್ಲಿ ಅಮೆರಿಕದಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಎಲ್.ಪಿ. ತಟ್ಟೆ ಹೊರಬಂದಿತು. ಅದರ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತಕ್ಕೆ ಸ್ಥಳವಿದ್ದಿತು. 1982ರಲ್ಲಿ ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಗಳು ಕೂಡಿ ಸಿ.ಡಿ.ಯನ್ನು ತಂದವು. ಮೊದಲ ಸಿ.ಡಿ.ಗಳು ಅಚ್ಚಾದುದು ಬರ್ಲಿನರನ ಊರಾದ ಹ್ಯಾನೋವರಿನ ಪಕ್ಕದಲ್ಲಿಯೇ.

ಎಲ್.ಪಿ.ಯು ದನಿಯನ್ನು ಹಿಡಿಯುವ ಬಗೆ ಹೀಗಿದೆ. ತಟ್ಟೆಯ ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸಾಗುವ ಒಂದೇ ಒಂದು ಗೆರೆಯುಂಟು. ಅದೊಂದು ಅತಿ ಸಣ್ಣ ಕಾಲುವೆ. ದನಿಯ ಅಲೆ ಹೇಗೆ ಏರಿಳಿಯುವುದೋ ಹಾಗೆಯೇ ಆ ಕಾಲುವೆಯ ಗೋಡೆಗಳು ಅಂಕುಡೊಂಕಾಗಿರುತ್ತವೆ. ಎಡಗಡೆಯ ದನಿ ಒಂದು ಗೋಡೆಯಲ್ಲಿ, ಬಲಗಡೆಯ ದನಿ ಇನ್ನೊಂದು ಗೋಡೆಯಲ್ಲಿ. ಮುಳ್ಳು ಆ ಡೊಂಕುಗಳಲ್ಲಿ ಸಾಗುತ್ತ ಅಲುಗುತ್ತದೆ. ಆ ಅಲುಗಾಟ ವಿದ್ಯುತ್ತಾಗಿ, ವಿದ್ಯುತ್ತು ಮತ್ತೆ ದನಿಯಾಗುತ್ತದೆ.

ಇದು ಅದ್ಭುತವಾದ ಉಪಾಯ. ಆದರೆ ಇದಕ್ಕೆ ಮಿತಿಗಳುಂಟು. ಮುಳ್ಳು ಗೋಡೆಯನ್ನು ಮುಟ್ಟಿಕೊಂಡೇ ಸಾಗಬೇಕು. ಆದುದರಿಂದ ಧೂಳಿನ ಕಣವೂ ಗೀರೂ ದನಿಯಾಗಿಬಿಡುತ್ತವೆ. ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ನಡುವಿನ ಬಳಿ ಸುಮಾರು 20 ಸೆಂಟಿಮೀಟರ್ ಮಾತ್ರ ಹಾದುಹೋಗುತ್ತದೆ. ಅಷ್ಟೇ ಕಂಪನಗಳು ಕಡಮೆ ಜಾಗದಲ್ಲಿ ಇಕ್ಕಟ್ಟಾಗುವುದರಿಂದ ಮಗ್ಗುಲಿನ ಕೊನೆಯ ಭಾಗದಲ್ಲಿ ತಾರಸ್ವರಗಳು ಒರಟಾಗುತ್ತವೆ. ತಟ್ಟೆಯ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಸುತ್ತಿಗೊಮ್ಮೆ ಶ್ರುತಿ ಓಲಾಡುತ್ತದೆ. ಮಂದ್ರಸ್ವರಗಳ ಡೊಂಕು ಬಹಳ ಅಗಲವಾದುದರಿಂದ ಗೆರೆ ಕೊರೆಯುವಾಗ ಅವುಗಳನ್ನು ಬೇಕೆಂದೇ ತಗ್ಗಿಸುತ್ತಾರೆ, ತಾರಸ್ವರಗಳನ್ನು ಹೆಚ್ಚಿಸುತ್ತಾರೆ. ಕೇಳಿಸುವಾಗ ಯಂತ್ರವು ಅದನ್ನು ಮತ್ತೆ ಸರಿಪಡಿಸುತ್ತದೆ. ಎಂದರೆ, ಗೆರೆಯಲ್ಲಿರುವುದು ಹಾಡಿದ ದನಿಯ ಯಥಾರೂಪವಲ್ಲ. ತಿದ್ದಿ ಇರಿಸಿದ ರೂಪ.

ಸಿ.ಡಿ.ಯ ದಾರಿಯೇ ಬೇರೆ. ಅಲ್ಲಿ ದನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಅಳತೆಗೋಲಿನಲ್ಲಿ 65,536 ಮೆಟ್ಟಿಲುಗಳುಂಟು. ಬಂದ ಅಂಕಿಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳ ಸಾಲಾಗಿ ತಟ್ಟೆಯಲ್ಲಿ ಅಚ್ಚೊತ್ತುತ್ತಾರೆ. ಕುಳಿಯ ಅಗಲ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗದಷ್ಟು. 12 ಸೆಂಟಿಮೀಟರ್ ಅಡ್ಡಳತೆಯ ಆ ತಟ್ಟೆಯಲ್ಲಿ ಕುಳಿಗಳ ಸುರುಳಿಯನ್ನು ಬಿಡಿಸಿ ನೀಳವಾಗಿ ಹಾಸಿದರೆ ಐದು ಕಿಲೋಮೀಟರನ್ನು ಮೀರುತ್ತದೆ. ಅದನ್ನು ಓದುವುದು ಲೇಸರ್ ಕಿರಣ. ತಟ್ಟೆಯನ್ನು ಯಾವುದೂ ಮುಟ್ಟುವುದಿಲ್ಲ. ಸಣ್ಣ ಗೀರು ಬಿದ್ದು ಕೆಲವು ಅಂಕಿಗಳು ಅಳಿಸಿಹೋದರೆ, ಉಳಿದವುಗಳ ಸಹಾಯದಿಂದ ಅವುಗಳನ್ನು ಲೆಕ್ಕಹಾಕಿ ಪಡೆಯುವ ಗಣಿತವೂ ಅದರಲ್ಲಿ ಅಡಕವಾಗಿದೆ. ಇರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲಮನ್ ಎಂಬಿಬ್ಬರು 1960ರಲ್ಲಿ ಪ್ರಕಟಿಸಿದ ಗಣಿತವದು.

1996ರಲ್ಲಿ ನಮ್ಮ ವೀಣೆಯ ತಟ್ಟೆಯ ಸಂಗೀತವೇ ಸಿ.ಡಿ.ಯಾಗಿ ಅಂಗಡಿಗೆ ಬಂದಿತು. ಅಷ್ಟು ಹೊತ್ತಿಗೆ ತಂದೆಯವರು ಇರಲಿಲ್ಲ. ನಾನು ಆಸೆಯಿಂದ ಕೊಂಡುತಂದು ಕೇಳಿದೆನು. ವೀಣೆ ಸ್ಪಷ್ಟವಾಗಿಯೇ ಇದ್ದಿತು. ಆದರೆ ಮನಸ್ಸು ತುಂಬಲಿಲ್ಲ. ‘ಇದರಲ್ಲಿ ಜೀವವಿಲ್ಲ’ ಎಂದುಕೊಂಡೆನು. ಯಾಕೆ ಜೀವವಿಲ್ಲ ಎಂಬುದಕ್ಕೆ ಒಂದು ಕಾರಣವೂ ಸುಲಭವಾಗಿ ಸಿಕ್ಕಿತು. ತರಗತಿಯಲ್ಲಿ ಪ್ರಬಂಧ ಬರೆಯಿಸುವಾಗ ಅದನ್ನು ಒಂದು ಉಪಮೆಯಾಗಿ ಹೇಳಿದೆನು: “ಎಲ್.ಪಿ.ಯಲ್ಲಿರುವುದು ಹರಿಯುವ ಹೊಳೆ. ಸಿ.ಡಿ.ಯಲ್ಲಿರುವುದು ಆ ಹೊಳೆಯಿಂದ ಬೊಗಸೆ ಬೊಗಸೆಯಾಗಿ ಮೊಗೆದಿಟ್ಟ ನೀರು. ಎರಡು ಬೊಗಸೆಗಳ ನಡುವೆ ಹರಿದುಹೋದ ನೀರು ಎಂದಿಗೂ ಮರಳದು.” ಮಕ್ಕಳು ಅದನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು. ಒಬ್ಬ ಹುಡುಗಿ ಮಾತ್ರ ಎದ್ದುನಿಂತು, “ಹಾಗೆಂದು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೆ, ಸಾರ್?” ಎಂದು ಕೇಳಿದಳು. “ಕಿವಿಯುಳ್ಳವರಿಗೆ ಪರೀಕ್ಷೆ ಬೇಕಿಲ್ಲಮ್ಮ” ಎಂದೆನು. ತರಗತಿ ನಕ್ಕಿತು. ಅವಳು ಕುಳಿತುಕೊಂಡಳು.

ಉಪಮೆ ಸೊಗಸಾಗಿದ್ದಿತು, ಆದರೆ ಸತ್ಯವಾಗಿರಲಿಲ್ಲ. ಯಾಕೆಂಬುದನ್ನು ನೀವು ಕಲಿತ ರೇಖಾಗಣಿತದಿಂದಲೇ ಅರಿಯಬಹುದು. ಒಂದೇ ಸರಳರೇಖೆಯ ಮೇಲಿಲ್ಲದ ಮೂರು ಬಿಂದುಗಳನ್ನು ಕೊಟ್ಟರೆ ಅವುಗಳ ಮೂಲಕ ಹಾಯುವ ವೃತ್ತ ಒಂದೇ ಒಂದು. ಬಿಂದುಗಳ ನಡುವಿನ ಭಾಗವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈವಾರವು ಅದನ್ನು ತಪ್ಪಿಲ್ಲದೆ ಎಳೆಯುತ್ತದೆ. ಆಕೃತಿಯು ವೃತ್ತವೆಂಬುದು ಮೊದಲೇ ಗೊತ್ತಿರುವುದರಿಂದ ಮೂರೇ ಬಿಂದುಗಳು ಸಾಕಾದವು. ದನಿಯ ಅಲೆಗೂ ಇಂತಹುದೇ ನಿಯಮವೊಂದುಂಟು. ಅಲೆಯಲ್ಲಿರುವ ಅತಿ ವೇಗದ ಕಂಪನ ಎಷ್ಟೋ, ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ, ಆ ಅಳತೆಗಳ ಮೂಲಕ ಹಾಯುವ ಅಲೆ ಒಂದೇ ಒಂದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ತಳಹದಿ ಹಾಕಿದನು. ಕ್ಲಾಡ್ ಶಾನನ್ 1949ರಲ್ಲಿ ಇದನ್ನು ಸಾಧಿಸಿ ತೋರಿಸಿದನು. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 20,000 ಕಂಪನಗಳು. ಅದರ ಎರಡರಷ್ಟು 40,000, ಸಿ.ಡಿ.ಯ ಅಳತೆಯಾದರೋ 44,100. ಆದುದರಿಂದ ಬೊಗಸೆಗಳ ನಡುವೆ ನಮ್ಮ ಕಿವಿಗೆ ಕೇಳಬಹುದಾದ ನೀರೇನೂ ಸೋರಿಹೋಗಿರುವುದಿಲ್ಲ. ಅಳತೆಯನ್ನು ಹತ್ತಿರದ ಮೆಟ್ಟಿಲಿಗೆ ಹೊಂದಿಸುವಾಗ ಆಗುವ ಸಣ್ಣ ವ್ಯತ್ಯಾಸವು ಬಹು ಕ್ಷೀಣವಾದ ಮೊರೆತವಾಗಿ ಮಾತ್ರ ಉಳಿಯುತ್ತದೆ. ಒಳ್ಳೆಯ ಎಲ್.ಪಿ.ಯಲ್ಲಿ ಅತಿ ದೊಡ್ಡ ದನಿಯ ಅಲೆಯು ಹಿನ್ನೆಲೆಯ ಮೊರೆತಕ್ಕಿಂತ ಸಾವಿರದಿಂದ ಮೂರು ಸಾವಿರ ಪಟ್ಟು ಎತ್ತರವಾಗಿದ್ದರೆ, ಸಿ.ಡಿ.ಯಲ್ಲಿ ಅದು ಅರವತ್ತು ಸಾವಿರ ಪಟ್ಟನ್ನು ಮೀರುತ್ತದೆ.

ಇದನ್ನೆಲ್ಲ ನನಗೆ ತಿಳಿಸಿಕೊಟ್ಟವನು ನನ್ನ ಅಕ್ಕನ ಮಗ. ಅವನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದನು. 2016ರ ಬೇಸಗೆಯಲ್ಲಿ ನಮ್ಮ ಮನೆಗೆ ಬಂದವನೊಡನೆ ನಾನು ಅದೇ ಹೊಳೆಯ ಮಾತನ್ನು ಆಡಿದೆನು. ಅವನು ವಾದಿಸಲಿಲ್ಲ. “ಮಾವ, ನೀವೇ ಕೇಳಿ ಹೇಳಿ. ನಿಮ್ಮ ತಟ್ಟೆಯನ್ನೇ ಹಾಕೋಣ” ಎಂದನು.

ಅವನು ಮಾಡಿದ ಏರ್ಪಾಡು ಸರಳವಾಗಿದ್ದಿತು. ತಂದೆಯವರ ತಟ್ಟೆಯಿಂದ ಹೊರಟ ದನಿಗೆ ಎರಡು ದಾರಿಗಳು. ಒಂದು ದಾರಿಯಲ್ಲಿ ಅದು ನೇರವಾಗಿ ಸ್ಪೀಕರಿಗೆ ಹೋಗುತ್ತಿದ್ದಿತು. ಇನ್ನೊಂದು ದಾರಿಯಲ್ಲಿ ಅದು ಮೊದಲು ಸಿ.ಡಿ.ಯ ಅಳತೆಯ ಅಂಕಿಗಳಾಗಿ ಮಾರ್ಪಟ್ಟು, ಅಂಕಿಗಳು ಮತ್ತೆ ದನಿಯಾಗಿ, ಆ ಬಳಿಕ ಅದೇ ಸ್ಪೀಕರಿಗೆ ಬರುತ್ತಿದ್ದಿತು. ಎರಡು ದಾರಿಗಳ ದನಿಯ ಪ್ರಮಾಣವನ್ನು ಅವನು ಸಮಮಾಡಿದನು. ಸ್ವಲ್ಪ ಜೋರಾಗಿರುವುದೇ ಇಂಪಾದುದೆಂದು ಕಿವಿ ಮೋಸಹೋಗುತ್ತದೆಯಂತೆ. ನಾನು ಯಂತ್ರಕ್ಕೆ ಬೆನ್ನುಮಾಡಿ ಕುಳಿತೆನು. ಅವನು ನಾಣ್ಯ ಚಿಮ್ಮಿ ದಾರಿಯನ್ನು ಆರಿಸುವುದು, ನಾನು ‘ಹೊಳೆ’ ಅಥವಾ ‘ಬೊಗಸೆ’ ಎಂದು ಹಾಳೆಯಲ್ಲಿ ಬರೆಯುವುದು. ಹೀಗೆ ಇಪ್ಪತ್ತು ಸಲ ನಡೆಯಿತು.

ಪ್ರತಿ ಸಲವೂ ನಾನು ನಿಸ್ಸಂಶಯವಾಗಿಯೇ ಬರೆದೆನು. ಕೊನೆಗೆ ತಾಳೆ ನೋಡಿದಾಗ ಹನ್ನೊಂದು ಸರಿ, ಒಂಬತ್ತು ತಪ್ಪು. ಕಣ್ಣು ಕಿವಿ ಎರಡನ್ನೂ ಮುಚ್ಚಿಕೊಂಡು ನಾಣ್ಯ ಚಿಮ್ಮಿ ಬರೆದಿದ್ದರೂ ಇಷ್ಟೇ ಸರಿಯಾಗುತ್ತಿದ್ದಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ನಾಚಿಸಿದ ಸಂಗತಿ ಇನ್ನೊಂದು. ‘ಇದೇ ನೋಡು ನಮ್ಮಪ್ಪನ ವೀಣೆ’ ಎಂದು ನಾನು ಗಟ್ಟಿಯಾಗಿ ಹೇಳಿದ ಒಂದು ಸಲ, ದನಿಯು ಅಂಕಿಗಳ ದಾರಿಯಿಂದಲೇ ಬಂದಿದ್ದಿತು. ಗೀರಿನ ‘ಟಕ್, ಟಕ್’ ಸಹ ಅಂಕಿಗಳೊಳಗೆ ಹಾಗೆಯೇ ಹಿಡಿದಿದ್ದಿತು!

ಇದು ನನ್ನೊಬ್ಬನ ಕಿವಿಯ ದೋಷವಿರಬಹುದೆ? ಹಾಗಲ್ಲ. ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಎಂಬ ಇಬ್ಬರು ಅಮೆರಿಕದಲ್ಲಿ ನಡೆಸಿದ ಇಂತಹುದೇ ಪರೀಕ್ಷೆಯ ಫಲವನ್ನು 2007ರಲ್ಲಿ ಪ್ರಕಟಿಸಿದರು. ಸಿ.ಡಿ.ಗಿಂತ ಸೂಕ್ಷ್ಮವಾದ ಮುದ್ರಣಗಳ ದನಿಯನ್ನು ನೇರವಾಗಿಯೂ, ಸಿ.ಡಿ.ಯ ಅಂಕಿಗಳ ಮೂಲಕ ಹಾಯಿಸಿಯೂ ಅವರು ಕೇಳಿಸಿದರು. 554 ಸಲದ ಪರೀಕ್ಷೆಯಲ್ಲಿ ಸರಿಯಾದ ಉತ್ತರಗಳು 276; ಎಂದರೆ ಅರ್ಧದಷ್ಟು. ದನಿಯನ್ನು ಬಹಳವಾಗಿ ಏರಿಸಿ ನಿಶ್ಶಬ್ದವಾದ ಭಾಗಗಳನ್ನು ಕೇಳಿಸಿದಾಗ ಮಾತ್ರ ಅಂಕಿಗಳ ಮೊರೆತವು ಗೊತ್ತಾಗುತ್ತಿದ್ದಿತು. ಅಮೆರಿಕದ ಕಂಪನಿಯೊಂದರ ಎಲ್.ಪಿ. ತಟ್ಟೆಗಳನ್ನು, ಅಂಕಿಗಳ ಸೋಂಕಿಲ್ಲದ ಅಪ್ಪಟ ದನಿಯೆಂದು ರಸಿಕರು ವರ್ಷಗಟ್ಟಲೆ ಹೊಗಳುತ್ತಿದ್ದರು. ಅವುಗಳಲ್ಲಿ ಅನೇಕ ತಟ್ಟೆಗಳ ದನಿಯನ್ನು ಮೊದಲು ಅಂಕಿಗಳಿಗೆ ತಿರುಗಿಸಿ ಆಮೇಲೆ ಗೆರೆ ಕೊರೆಯಲಾಗಿದ್ದಿತೆಂಬುದು 2022ರಲ್ಲಿ ಹೊರಬಿದ್ದಿತು. ಅಲ್ಲಿಯವರೆಗೆ ಯಾರ ಕಿವಿಯೂ ಅದನ್ನು ಹಿಡಿದಿರಲಿಲ್ಲ.

ಹಾಗಾದರೆ ಎಲ್.ಪಿ. ಕೀಳು, ಸಿ.ಡಿ. ಮೇಲು ಎಂದು ತೀರ್ಪು ಕೊಟ್ಟು ಮುಗಿಸಬಹುದೆ? ಅದೂ ಅವಸರದ ಮಾತಾಗುತ್ತದೆ. ದನಿಯನ್ನು ಇದ್ದಂತೆಯೇ ಹಿಡಿದು ಇದ್ದಂತೆಯೇ ಕೊಡುವುದರಲ್ಲಿ ಸಿ.ಡಿ. ಮೇಲು, ಇದರಲ್ಲಿ ಸಂಶಯವಿಲ್ಲ. ಸಿ.ಡಿ.ಯು ಎಲ್.ಪಿ.ಯ ದನಿಯನ್ನು ಅದರ ಗೀರಿನೊಡನೆ ತನ್ನೊಳಗೆ ಇಟ್ಟುಕೊಳ್ಳಬಲ್ಲುದು. ಸಿ.ಡಿ.ಯ ನಿಶ್ಶಬ್ದವನ್ನು ಎಲ್.ಪಿ.ಯು ಇಟ್ಟುಕೊಳ್ಳಲಾರದು. ಆದರೆ ಪಾತ್ರೆ ದೊಡ್ಡದಾದ ಮಾತ್ರಕ್ಕೆ ಅಡುಗೆ ರುಚಿಯಾಗುವುದಿಲ್ಲ. 1990ರ ದಶಕದಿಂದೀಚೆಗೆ ಅನೇಕ ಸಿ.ಡಿ.ಗಳನ್ನು, ಎಲ್ಲರಿಗಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಯಿಂದ, ಪಿಸುದನಿಗೂ ಆರ್ಭಟಕ್ಕೂ ಅಂತರವಿಲ್ಲದಂತೆ ಒತ್ತಿ ತಯಾರಿಸಿದರು. ಅಂತಹ ಸಿ.ಡಿ.ಗಿಂತ, ಅದೇ ಸಂಗೀತವನ್ನು ಎಚ್ಚರದಿಂದ ಸಿದ್ಧಪಡಿಸಿದ ಹಳೆಯ ಎಲ್.ಪಿ. ಇಂಪಾಗಿ ಕೇಳುವುದುಂಟು. ಅದು ತಟ್ಟೆಯ ಗುಣವಲ್ಲ. ತಯಾರಿಸಿದವರ ವಿವೇಕದ ಗುಣ.

ಎಲ್.ಪಿ.ಯನ್ನು ಮೆಚ್ಚುವವರು ಇಂದಿಗೂ ಕಡಮೆಯಿಲ್ಲ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ಎಲ್.ಪಿ.ಗಳು ಮಾರಾಟವಾದರೆ, ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ ಮಾತ್ರ. 1987ರ ಅನಂತರ ಎಲ್.ಪಿ.ಯು ಹೀಗೆ ಮುಂದಾದುದು ಅದೇ ಮೊದಲು. ಅದರ ದೊಡ್ಡ ಹೊದಿಕೆಯ ಚಿತ್ರ, ಧೂಳು ಒರಸುವ ಶ್ರದ್ಧೆ, ಮುಳ್ಳು ಇಳಿಯುವ ಮುನ್ನಿನ ಮೌನ, ಮಗ್ಗುಲು ಮುಗಿಯುವವರೆಗೆ ಕದಲದೆ ಕುಳಿತು ಕೇಳುವ ಅಭ್ಯಾಸ, ಇವೆಲ್ಲವೂ ಕೇಳುವವನ ಮನಸ್ಸನ್ನು ಹದಗೊಳಿಸುತ್ತವೆ. ಮುಳ್ಳು ತಾನಾಗಿ ಬೆರಸುವ ಸಣ್ಣ ವಿಕಾರಗಳೂ ಕೆಲವರ ಕಿವಿಗೆ ಬೆಚ್ಚಗೆನಿಸುತ್ತವೆ. ಇವುಗಳಿಗಾಗಿ ಎಲ್.ಪಿ.ಯನ್ನು ಪ್ರೀತಿಸುವುದು ತಪ್ಪಲ್ಲ. ಆ ಪ್ರೀತಿಗೆ ಇಲ್ಲದ ಕಾರಣವನ್ನು ಕೊಟ್ಟು, ಅದನ್ನೇ ವಿಜ್ಞಾನವೆಂದು ಇತರರಿಗೆ ಕಲಿಸುವುದು ತಪ್ಪು. ನಾನು ಮಾಡಿದುದು ಆ ತಪ್ಪನ್ನು.

1996ರಲ್ಲಿ ಸಿ.ಡಿ.ಯನ್ನು ಕೇಳಿದಾಗ ನನ್ನ ಮನಸ್ಸು ಯಾಕೆ ತುಂಬಲಿಲ್ಲವೆಂಬುದು ಈಗ ನನಗೆ ತಿಳಿದಿದೆ. ಅದರಲ್ಲಿ ವೀಣೆಯ ನಾದಕ್ಕೆ ಏನೂ ಕೊರತೆಯಿರಲಿಲ್ಲ. ತಾನದ ನಡುವೆ ಆ ‘ಟಕ್’ ಬರಲಿಲ್ಲ. ನನ್ನ ಕಿವಿ ಅದಕ್ಕಾಗಿ ಕಾದಿದ್ದಿತು. ಆ ಸದ್ದಿನ ಹಿಂದೆ ಭಾನುವಾರದ ಬೆಳಗು, ಕಣ್ಣು ಮುಚ್ಚಿ ಕುಳಿತ ತಂದೆ, ಅವರ ನಗು ಇದ್ದವು. ಅದನ್ನು ಸಿ.ಡಿ. ತಯಾರಿಸಿದವರು ಎಲ್ಲಿಂದ ತಂದಾರು? ನನಗೆ ಇಲ್ಲವಾದುದು ತಂದೆ. ನಾನು ದೂರಿದುದು ತಟ್ಟೆಯನ್ನು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದು ಅರ್ಥ ಹೇಳಿದ್ದೇನೆ. ಅದು ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಸಲ್ಲುವ ಮಾತೆಂಬುದನ್ನು ಅಂದು ಎದ್ದುನಿಂತ ಆ ಹುಡುಗಿಯು ನನಗಿಂತ ಚೆನ್ನಾಗಿ ಅರಿತಿದ್ದಳು. ಅವಳ ಮಗುವೂ ಇಂದು ನಿಮ್ಮೊಡನೆ ಈ ಪಾಠವನ್ನು ಓದುತ್ತಿರಬಹುದು. ‘ನಿಮ್ಮ ಮೇಷ್ಟರು ತಪ್ಪು ಹೇಳಿದ್ದರು, ನೀನು ಕೇಳಿದ್ದು ಸರಿಯಾದ ಪ್ರಶ್ನೆ’ ಎಂಬ ಮಾತು ಆ ಮಗುವಿನ ಮೂಲಕ ಅವಳಿಗೆ ತಲುಪಿದರೆ ನನಗೆ ಸಮಾಧಾನ.

ತಂದೆಯವರ ತಟ್ಟೆ ಈಗಲೂ ನನ್ನ ಬಳಿ ಇದೆ. ಅದರ ದನಿಯನ್ನು ಅಕ್ಕನ ಮಗ ಒಂದು ಸಿ.ಡಿ.ಗೆ ಇಳಿಸಿಕೊಟ್ಟಿದ್ದಾನೆ. ಗೀರಿನ ಸದ್ದನ್ನು ತೆಗೆದುಬಿಡಲೇ ಎಂದು ಅವನು ಕೇಳಿದ್ದನು. ಬೇಡವೆಂದೆನು. 1.8 ಸೆಕೆಂಡಿಗೊಮ್ಮೆ ಆ ತಾಳ ಅದರಲ್ಲಿ ಈಗಲೂ ಬೀಳುತ್ತಿದೆ.

ಅಭ್ಯಾಸ

1. ಎಲ್.ಪಿ. ತಟ್ಟೆಯಲ್ಲಿ ಅಡ್ಡಗೀರಿನ ಸದ್ದು 1.8 ಸೆಕೆಂಡಿಗೊಮ್ಮೆ ಕೇಳುವುದೇಕೆ? ಲೆಕ್ಕಮಾಡಿ ತೋರಿಸಿರಿ.
2. ಎಲ್.ಪಿ.ಯ ಮಗ್ಗುಲಿನ ಕೊನೆಯ ಭಾಗದಲ್ಲಿ ತಾರಸ್ವರಗಳು ಒರಟಾಗಲು ಕಾರಣವೇನು?
3. ‘ಹೊಳೆ’ ಮತ್ತು ‘ಬೊಗಸೆ’ಯ ಉಪಮೆಯು ಎಲ್ಲಿ ತಪ್ಪುತ್ತದೆ? ವೃತ್ತದ ಉದಾಹರಣೆಯಿಂದ ವಿವರಿಸಿರಿ.
4. ಪರೀಕ್ಷೆಯಲ್ಲಿ ಎರಡು ದಾರಿಗಳ ದನಿಯ ಪ್ರಮಾಣವನ್ನು ಸಮಮಾಡಿದುದೇಕೆ?
5. “ನನಗೆ ಇಲ್ಲವಾದುದು ತಂದೆ, ನಾನು ದೂರಿದುದು ತಟ್ಟೆಯನ್ನು.” ಈ ವಾಕ್ಯದ ಸ್ವಾರಸ್ಯವನ್ನು ತಿಳಿಸಿರಿ.
6. ನೀವು ಪರೀಕ್ಷಿಸದೆ ನಂಬಿರುವ ಒಂದು ಸಂಗತಿಯನ್ನು ಆರಿಸಿಕೊಂಡು, ಅದನ್ನು ಪರೀಕ್ಷಿಸುವ ಬಗೆಯನ್ನು ಒಂದು ಪುಟದಲ್ಲಿ ಬರೆಯಿರಿ.